ಆ ಕರಡಿ ಕುಣಿಯುತ್ತಿರಲಿಲ್ಲ



ಹೋದ ಡಿಸೆಂಬರಿನಲ್ಲಿ ಶಾಲೆಯಿಂದ ಬನ್ನೇರುಘಟ್ಟಕ್ಕೆ ಪ್ರವಾಸ ಹೋಗಿದ್ದೆವಲ್ಲ, ನೆನಪಿದೆಯಾ? ಸಫಾರಿ ಬಸ್ಸಿನಲ್ಲಿ ಕೂತು ನೋಡ್ತಾ ಇದ್ದಾಗ ಒಂದು ಮರದ ಬುಡದಲ್ಲಿ ಮುದಿ ಕರಡಿ ನಿಂತಿತ್ತು. ತಲೆಯನ್ನು ಆ ಕಡೆ ಈ ಕಡೆ ಒಂದೇ ಸಮನೆ ತೂಗುತ್ತಿತ್ತು. "ಏಯ್, ಡ್ಯಾನ್ಸ್ ಮಾಡ್ತಾ ಐತೆ ನೋಡ್ರೋ" ಅಂತ ಯಾರೋ ಕೂಗಿದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಗ ಡ್ರೈವರ್ ಅಣ್ಣ, "ಅದು ಕುಣೀತಾ ಇಲ್ಲ ಕಣ್ರಪ್ಪಾ. ಹಿಂದೆ ಪಟ್ಟ ಪಾಡು, ಇನ್ನೂ ಬಿಟ್ಟಿಲ್ಲ" ಅಂದರು.

ಊರಿಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ವಿಜ್ಞಾನದ ಮೇಷ್ಟ್ರನ್ನು ಕೇಳಿ, ಓದಿ, ಮನೆಯಲ್ಲಿ ಅಜ್ಜಿಯನ್ನೂ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕರಡಿ ಎಂಥ ಪ್ರಾಣಿ?

ನಮ್ಮ ಗುಡ್ಡಗಾಡಿನ ಕರಡಿಯ ಮುಖ್ಯ ಊಟ ಗೆದ್ದಲು, ಇರುವೆ, ಜೇನು ಮತ್ತು ಹಣ್ಣು. ಉದ್ದನೆಯ ಉಗುರಿನಿಂದ ಹುತ್ತವನ್ನು ಬಗೆಯುತ್ತದೆ. ಮೊದಲು ಉಫ್ ಅಂತ ಊದಿ ಮಣ್ಣು ಹಾರಿಸಿ, ಆಮೇಲೆ ಗೆದ್ದಲನ್ನು ಹೀರುತ್ತದೆ. ಇದಕ್ಕಾಗಿಯೇ ಅದಕ್ಕೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇರುವುದಿಲ್ಲ. ಮಣ್ಣು ನುಗ್ಗದಂತೆ ಮೂಗಿನ ಹೊಳ್ಳೆಗಳನ್ನು ತಾನೇ ಮುಚ್ಚಿಕೊಳ್ಳಬಲ್ಲದು. ಹೀರುವ ಸದ್ದು ನೂರು ಮೀಟರಿಗೂ ಹೆಚ್ಚು ದೂರ ಕೇಳಿಸುತ್ತದಂತೆ!

ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮರಿ ಎರಡು ವರ್ಷಕ್ಕೂ ಹೆಚ್ಚು ಕಾಲ ತಾಯಿಯ ಜೊತೆಗೇ ಇರುತ್ತದೆ. ಯಾವ ಹುತ್ತ ಒಡೆಯಬೇಕು, ಯಾವ ಹಣ್ಣು ಯಾವಾಗ ಸಿಗುತ್ತೆ, ಎಲ್ಲಿ ನೀರಿದೆ, ಯಾರಿಗೆ ಹೆದರಬೇಕು, ಎಲ್ಲವನ್ನೂ ಕಲಿಯುವುದು ಆಗಲೇ. ನಮಗೆ ಶಾಲೆ ಇದ್ದಂತೆ ಮರಿಗೆ ತಾಯಿಯ ಬೆನ್ನು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕುಣಿತದ ಹಿಂದಿನ ಕಥೆ

ನಮ್ಮ ಅಪ್ಪ ಅಮ್ಮಂದಿರು ಚಿಕ್ಕವರಿದ್ದಾಗ ಊರೂರಿಗೆ ಕರಡಿ ಕುಣಿಸುವವರು ಬರುತ್ತಿದ್ದರು. ಈ ಕಸುಬು ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಕಲಂದರ್ ಜನಾಂಗದವರು. ಡಮರು ಬಾರಿಸಿದರೆ ಕರಡಿ ಎರಡು ಕಾಲ ಮೇಲೆ ನಿಂತು ಕುಣಿಯುತ್ತಿತ್ತು. ಆದರೆ ಅದು ಡಮರು ಕೇಳಿ ಖುಷಿಯಿಂದ ಕುಣಿಯುತ್ತಿರಲಿಲ್ಲ. ಎಳೆ ಮರಿಯನ್ನು ತಾಯಿಯಿಂದ ಕದ್ದು ತರುತ್ತಿದ್ದರು. ಎಷ್ಟೋ ಸಲ ತಾಯಿಯನ್ನು ಕೊಂದೇ ಮರಿ ತೆಗೆಯುತ್ತಿದ್ದರು. ಕಾಯಿಸಿದ ಕಬ್ಬಿಣದಿಂದ ಮರಿಯ ಮೂತಿಗೆ ತೂತು ಮಾಡಿ ಹಗ್ಗ ಪೋಣಿಸುತ್ತಿದ್ದರು. ಕಚ್ಚಬಾರದು ಅಂತ ಹಲ್ಲು ಮುರಿಯುತ್ತಿದ್ದರು. ಹಗ್ಗ ಜಗ್ಗಿದರೆ ಗಾಯ ನೋಯುತ್ತದೆ. ನೋವು ತಪ್ಪಿಸಿಕೊಳ್ಳಲು ಕರಡಿ ಮೇಲಕ್ಕೇಳುತ್ತದೆ. ಅದನ್ನೇ ಜನ ಕುಣಿತ ಅಂದರು.

ಅಜ್ಜಿ ಹೇಳಿದಳು: "ನಿಮ್ಮಪ್ಪ ಚಿಕ್ಕೋನಿದ್ದಾಗ ರಾತ್ರಿ ಬೆಚ್ಚಿ ಬೀಳ್ತಿದ್ದ. ಕರಡಿ ಬಂದಾಗ ಅದ್ರ ಮೇಲೆ ಕೂರಿಸಿ, ಒಂದು ಸೇರು ರಾಗಿ ಕೊಟ್ಟು, ಕೂದಲು ಕೀಳಿಸ್ಕೊಂಡು ತಾಯಿತ ಕಟ್ಟಿದ್ದೆ." ಆ ತಾಯಿತ ಇನ್ನೂ ಅಜ್ಜಿಯ ಪೆಟ್ಟಿಗೆಯಲ್ಲಿದೆ. "ಅಪ್ಪನ ಭಯ ಹೋಯ್ತಾ ಅಜ್ಜಿ?" ಅಂತ ಕೇಳಿದೆ. "ದೊಡ್ಡೋನಾದ್ಮೇಲೆ ತಾನೇ ಹೋಯ್ತು ಬಿಡು" ಅಂದಳು. ನಾನು ಆ ತಾಯಿತವನ್ನು ಕೈಲಿ ಹಿಡಿದು ನೋಡಿದೆ. ನಮ್ಮ ಮನೆಯ ಒಂದು ತಾಯಿತಕ್ಕೆ ಒಂದು ಚಿಟಿಕೆ ಕೂದಲಾದರೆ, ಊರಿಗೆಲ್ಲ ಎಷ್ಟು ಕಿತ್ತಿರಬೇಕು?

ಕಾನೂನು ಬಂತು, ಮನೆಯೂ ಬಂತು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕರಡಿಯನ್ನು ಹಿಡಿಯುವುದು ಅಪರಾಧ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟ ಆಡಿಸಿ ತೋರಿಸುವುದನ್ನೂ ನಿಷೇಧಿಸಿತು. ಆದರೆ ಕರಡಿಯನ್ನು ಬಿಡಿಸಿಕೊಂಡರೆ ಎಲ್ಲಿ ಇಡುವುದು? ಅದಕ್ಕೆ ಆಗ್ರಾದ ಹತ್ತಿರ ಕೀತಮ್ ಎಂಬಲ್ಲಿ, 2005ರಲ್ಲಿ ನಮ್ಮ ಬನ್ನೇರುಘಟ್ಟದಲ್ಲಿ, ಮತ್ತೆ ಬೇರೆ ಕಡೆಗಳಲ್ಲಿ ಕರಡಿಗಳಿಗೆಂದೇ ಆಶ್ರಯಧಾಮಗಳಾದವು. ವೈಲ್ಡ್‌ಲೈಫ್ ಎಸ್‌ಓಎಸ್ ಎಂಬ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಇವನ್ನು ನಡೆಸುತ್ತಿದೆ. ಹೀಗೆ 600ಕ್ಕೂ ಹೆಚ್ಚು ಕರಡಿಗಳು ಬಿಡುಗಡೆಯಾದವು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿ ಬನ್ನೇರುಘಟ್ಟಕ್ಕೆ ಬಂದಾಗ, ಬೀದಿಯಲ್ಲಿ ಕುಣಿಯುತ್ತಿದ್ದ ಕೊನೆಯ ಕರಡಿ ಇದೇ ಎಂದು ಆ ಸಂಸ್ಥೆ ಸಾರಿತು.

ಆಶ್ರಯಧಾಮದಲ್ಲಿ ಒಂದು ದಿನ

ಹೊಸ ಕರಡಿ ಬಂದಾಗ ಮೊದಲ ಕೆಲಸ ವೈದ್ಯರದ್ದು. ಮಂಪರು ಬರಿಸಿ ಮೂತಿಯ ಹಗ್ಗ ಕತ್ತರಿಸುತ್ತಾರೆ. ಗಾಯ, ಕಣ್ಣು, ಹಲ್ಲಿನ ಬುಡ ಎಲ್ಲ ನೋಡುತ್ತಾರೆ. ಕುಣಿತದ ಕರಡಿಗಳಲ್ಲಿ ಕ್ಷಯ ರೋಗ ಬಂದಿದ್ದವೂ, ಕಣ್ಣು ಕಳೆದುಕೊಂಡವೂ ಬಹಳ ಇದ್ದವು. ರೋಗ ಬೇರೆಯವಕ್ಕೆ ಹರಡದಿರಲಿ ಅಂತ ಮೊದಲು ಕೆಲವು ಕಾಲ ಬೇರೆಯಾಗಿ ಇಟ್ಟು, ಆಮೇಲೆ ಒಂದೊಂದಾಗಿ ಉಳಿದವುಗಳ ಪರಿಚಯ ಮಾಡಿಸುತ್ತಾರೆ. ಹುಟ್ಟಿದಾಗಿನಿಂದ ಇನ್ನೊಂದು ಕರಡಿಯನ್ನೇ ಸರಿಯಾಗಿ ನೋಡದ ಪ್ರಾಣಿಗೆ ಸ್ನೇಹವನ್ನೂ ಹೊಸದಾಗಿ ಕಲಿಯಬೇಕು.

ಬೆಳಿಗ್ಗೆ ಎದ್ದ ಕೂಡಲೇ ಗಂಜಿ. ರಾಗಿಯಂಥ ಧಾನ್ಯದ ಹಿಟ್ಟಿನ ಗಂಜಿಗೆ ಹಾಲು, ಮೊಟ್ಟೆ, ಜೇನು ಸೇರಿಸಿ ಆರಿಸಿ ಕೊಡುತ್ತಾರೆ. ಗಂಜಿ ಯಾಕೆ ಗೊತ್ತಾ? ಎಷ್ಟೋ ಕರಡಿಗಳಿಗೆ ಅಗಿಯಲು ಹಲ್ಲೇ ಇಲ್ಲ. ನಮ್ಮ ಮನೆಯಲ್ಲಿ ಹಲ್ಲಿಲ್ಲದ ತಾತನಿಗೆ ಅಂಬಲಿ ಕೊಡ್ತಾರಲ್ಲ, ಹಾಗೇ. ಔಷಧಿಯನ್ನೂ ಅದರಲ್ಲೇ ಕಲಸಿಬಿಡುತ್ತಾರೆ.

ಕರಡಿಗಳು ಗೂಡಿನೊಳಗೆ ಇರುವಾಗ ನೋಡಿಕೊಳ್ಳುವವರು ಹೊರಗಿನ ಬಯಲು ಗುಡಿಸಿ ಶುಚಿ ಮಾಡುತ್ತಾರೆ. ಆಮೇಲಿನ ಕೆಲಸ ಭಾರಿ ಮಜಾ. ಕೊರೆದ ಮರದ ದಿಮ್ಮಿಯೊಳಗೆ ಜೇನು ಸವರುತ್ತಾರೆ. ಖರ್ಜೂರ, ಕಡಲೆಕಾಯಿಗಳನ್ನು ಅಲ್ಲಲ್ಲಿ ಬಚ್ಚಿಡುತ್ತಾರೆ. ಹಣ್ಣನ್ನು ಎತ್ತರದಲ್ಲಿ ತೂಗುಹಾಕುತ್ತಾರೆ. ತಟ್ಟೆಯಲ್ಲಿ ಹಾಕಿಕೊಟ್ಟರೆ ಆಗದಾ? ಆಗಲ್ಲ. ಕಾಡಿನ ಕರಡಿಗೆ ದಿನದ ಬಹುಪಾಲು ಹೊತ್ತು ಊಟ ಹುಡುಕುವುದರಲ್ಲೇ ಕಳೆಯುತ್ತದೆ. ಕೆಲಸವಿಲ್ಲದ ಕರಡಿಗೆ ಹಳೆಯ ಚಟ ಮರಳುತ್ತದೆ, ತಲೆ ತೂಗಲು ಶುರು ಮಾಡುತ್ತದೆ. ವರ್ಷಗಟ್ಟಲೆ ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕಿದ್ದರ ಫಲ ಅದು. ನಾವು ಬಸ್ಸಿನಿಂದ ನೋಡಿ ನಕ್ಕಿದ್ದು ಇದನ್ನೇ.

ಮಧ್ಯಾಹ್ನ ಬಿಸಿಲೇರಿದರೆ ಕೊಳದಲ್ಲಿ ಕೂರುತ್ತವೆ. ತಾವೇ ತೋಡಿದ ಗುಂಡಿಯಲ್ಲೋ, ಕಟ್ಟಿಕೊಟ್ಟ ಉಯ್ಯಾಲೆಯಲ್ಲೋ ನಿದ್ದೆ ಹೊಡೆಯುತ್ತವೆ. ಬೇಸಿಗೆಯಲ್ಲಿ ಕಲ್ಲಂಗಡಿ ಸಿಕ್ಕರೆ ಹಬ್ಬ. ಸಂಜೆ ಮತ್ತೆ ಗಂಜಿ, ಆಮೇಲೆ ಗೂಡು.

ನನಗೆ ಬಹಳ ಹಿಡಿಸಿದ ವಿಷಯ ಒಂದಿದೆ. ರಕ್ತ ಪರೀಕ್ಷೆಗೆ ಕರಡಿ ಕಂಬಿಯಾಚೆ ತಾನಾಗಿಯೇ ಕೈ ಚಾಚುವಂತೆ ಅಭ್ಯಾಸ ಮಾಡಿಸುತ್ತಾರೆ. ಚಾಚಿದರೆ ಜೇನು. ಚಾಚದಿದ್ದರೆ ಬೈಗುಳವಿಲ್ಲ, ಹೊಡೆತವಿಲ್ಲ, ನಾಳೆ ನೋಡೋಣ ಅಷ್ಟೇ. ತೂಗುಹಾಕಿದ ಹಣ್ಣಿಗಾಗಿ ಅದೇ ಕರಡಿ ಇಂದಿಗೂ ಎರಡು ಕಾಲ ಮೇಲೆ ನಿಲ್ಲುತ್ತದೆ. ಆಗ ಹಗ್ಗ ನಿಲ್ಲಿಸುತ್ತಿತ್ತು, ಈಗ ಅದರ ಮನಸ್ಸು ನಿಲ್ಲಿಸುತ್ತದೆ.

ಕಾಡಿಗೆ ಬಿಡಬಾರದೇ?

ನಾನೂ ಇದನ್ನೇ ಕೇಳಿದೆ. ಮೇಷ್ಟ್ರು, "ಒಂದನೇ ಕ್ಲಾಸಿಗೇ ಹೋಗದವನನ್ನು ಹತ್ತನೇ ಪರೀಕ್ಷೆಗೆ ಕೂರಿಸಿದ ಹಾಗೆ" ಅಂದರು. ತಾಯಿಯ ಬೆನ್ನ ಮೇಲೆ ಕಲಿಯಬೇಕಾದ್ದನ್ನು ಅವು ಕಲಿತೇ ಇಲ್ಲ. ಹಲ್ಲಿಲ್ಲ, ಕೆಲವಕ್ಕೆ ಕಣ್ಣಿಲ್ಲ, ಮನುಷ್ಯನ ಭಯವೂ ಇಲ್ಲ. ಹಸಿವಾದರೆ ಸೀದಾ ಊರಿಗೇ ಬರುತ್ತವೆ. ಹಾಗಾಗಿ ಸಾಯುವವರೆಗೂ ಅವನ್ನು ಅಲ್ಲೇ ಸಾಕಬೇಕು. ಕರಡಿಗೆ ಒಳ್ಳೆ ಆರೈಕೆ ಸಿಕ್ಕರೆ ಮೂವತ್ತು ವರ್ಷದ ಹತ್ತಿರವೂ ಬದುಕಬಲ್ಲದು. ಮೂತಿಗೆ ತೂತು ಮಾಡಲು ಒಂದು ಗಳಿಗೆ ಸಾಕು. ಅದರ ಪರಿಹಾರಕ್ಕೆ ಮೂವತ್ತು ವರ್ಷದ ಗಂಜಿ ಬೇಕು.

ಕುಣಿಸಿದವರನ್ನು ಬರೀ ಬೈದರೂ ತಪ್ಪಾಗುತ್ತದೆ. ತಲೆತಲಾಂತರದಿಂದ ಬಂದ ಹೊಟ್ಟೆಪಾಡು ಅದು. ಕರಡಿ ಒಪ್ಪಿಸಿದ ಕುಟುಂಬಗಳಿಗೆ ಬೇರೆ ಕಸುಬು ಹಿಡಿಯಲು ನೆರವು ಸಿಕ್ಕಿತು, ಮಕ್ಕಳು ಶಾಲೆಗೆ ಸೇರಿದರು. ಅವರಲ್ಲಿ ಕೆಲವರು ಆಶ್ರಯಧಾಮದಲ್ಲೇ ಕರಡಿ ನೋಡಿಕೊಳ್ಳುವ ಕೆಲಸಕ್ಕೂ ಸೇರಿಕೊಂಡರು.

ಈಗ ನಮ್ಮೂರಿನ ಮಾತು

ಕುಣಿತ ನಿಂತಿತು, ಇನ್ನು ನಮಗೇನು ಅನ್ನಬೇಡಿ. ಈಗಲೂ ಆಶ್ರಯಧಾಮಗಳಿಗೆ ಕರಡಿ ಬರುತ್ತಿವೆ. ಕೆಲವು ತಾಯಿ ಸತ್ತ ಮರಿಗಳು, ಕೆಲವು ಉರುಳಿಗೆ ಸಿಕ್ಕಿ ಕಾಲು ಕಳೆದುಕೊಂಡವು. ಹಂದಿಗೆ ಅಂತ ಬೈಕಿನ ಕ್ಲಚ್ ವೈರಿನಲ್ಲಿ ಉರುಳು ಹಾಕುತ್ತಾರೆ. ಉರುಳಿಗೆ ಹಂದಿ ಯಾವುದು, ಕರಡಿ ಯಾವುದು ಗೊತ್ತಾಗುತ್ತಾ?

ನಮ್ಮ ಗುಡ್ಡದ ಕೆಳಗೆ ಒಬ್ಬರ ಹೊಲದ ಬೇಲಿಯಲ್ಲಿ ಅಂಥ ಉರುಳು ನೋಡಿದೆ. ಹೆಸರು ಬರೆಯುವುದಿಲ್ಲ. "ದೊಡ್ಡಪ್ಪಾ, ಇದನ್ನ ತೆಗೀಬಾರದಾ?" ಅಂತ ಕೇಳಿದೆ. "ಒಂದು ರಾತ್ರೀಲಿ ಅರ್ಧ ಎಕರೆ ಕಡ್ಲೆಕಾಯಿ ಬಗೆದು ಹಾಕ್ತವೆ ಹಂದಿ. ಸೊಸೈಟಿ ಸಾಲ ನೀನು ಕಟ್ತೀಯಾ ಮಗಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದೂ ಸುಳ್ಳಲ್ಲ.

ಆಮೇಲೆ ವಿಚಾರಿಸಿದಾಗ ತಿಳಿಯಿತು. ಕಾಡುಪ್ರಾಣಿಯಿಂದ ಬೆಳೆ ಹಾಳಾದರೆ ಫೋಟೊ, ಪಹಣಿ ಇಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬಹುದು. ಪ್ರಾಣಿ ಉರುಳಿಗೆ ಸಿಕ್ಕಿದ್ದು ಕಂಡರೆ ಹತ್ತಿರ ಹೋಗದೆ 1926ಕ್ಕೆ ಫೋನ್ ಮಾಡಬೇಕು. ಅರ್ಜಿ ಬರೆಯೋದು ನಮಗೆ ಬರುತ್ತದೆ. ಕನ್ನಡ ಪಾಠದಲ್ಲೇ ಇದೆಯಲ್ಲ! ಈ ಭಾನುವಾರ ದೊಡ್ಡಪ್ಪನ ಅರ್ಜಿ ಬರೆದುಕೊಡ್ತೀನಿ ಅಂತ ಹೇಳಿದ್ದೇನೆ. "ಬರಿ, ನೋಡಾನ" ಅಂದಿದ್ದಾರೆ. ಉರುಳು ಇನ್ನೂ ತೆಗೆದಿಲ್ಲ. ಜೊತೆಗೆ ಬರುವವರು ಹೇಳಿ.

ಮುಂದಿನ ಸಲ ಬನ್ನೇರುಘಟ್ಟಕ್ಕೆ ಹೋಗುವಷ್ಟರಲ್ಲಿ ಆ ಮುದಿ ಕರಡಿ ಇರುತ್ತೋ ಇಲ್ಲವೋ. ಇದ್ದರೆ, ಅದು ತಲೆ ತೂಗಿದರೆ, ನಾನಂತೂ ನಗುವುದಿಲ್ಲ.

— 9ನೇ ತರಗತಿಯ ವಿದ್ಯಾರ್ಥಿ