ಗಾಯಕ್ಕೂ ಬೇಕು ಸಾರುವೆ!

ಮಕ್ಕಳೇ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಹೊಸ ಕಟ್ಟಡಗಳ ಸುತ್ತ ಕಂಬ, ಹಲಗೆಗಳನ್ನು ಕಟ್ಟಿರುವುದನ್ನು ನೋಡಿದ್ದೀರಾ? ಅದೇ ಸಾರುವೆ. ಕೆಲಸಗಾರರು ಅದರ ಮೇಲೆ ನಿಂತು ಗೋಡೆ ಕಟ್ಟುತ್ತಾರೆ. ಕೆಲಸ ಮುಗಿದ ಮೇಲೆ ಬಿಚ್ಚುತ್ತಾರೆ. ನಮ್ಮ ದೇಹದ ಗಾಯಕ್ಕೂ ಇಂಥ ಸಾರುವೆ ಕಟ್ಟಬಹುದು! ಹೇಗೆ? ಬನ್ನಿ, ತಿಳಿಯೋಣ.

ಆಡುವಾಗ ಮೊಣಕಾಲು ತರಚಿದರೆ ಕೆಲವೇ ದಿನಗಳಲ್ಲಿ ಹೊಸ ಚರ್ಮ ಬರುತ್ತದೆ. ಏಕೆಂದರೆ ಹಾಳಾದದ್ದು ಮೇಲ್ಪದರ ಮಾತ್ರ. ಬೆಂಕಿ ಒಳಪದರವನ್ನೂ ಸುಟ್ಟರೆ ಹಾಗಾಗದು. ಒಳಪದರದಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳ ಬಲೆ ಇದೆ. ಜೀವಕೋಶಗಳಿಗೆ ಅದೇ ಆಸರೆ. ಪೂರ್ತಿ ಸುಟ್ಟುಹೋದ ಬಲೆ ಮೊದಲಿನಂತೆ ಬೆಳೆಯುವುದಿಲ್ಲ. ಗಾಯ ಮಾಗುವಾಗ ಚರ್ಮ ಬಿಗಿದು ಮುದುಡುತ್ತದೆ. ಕೈ ಸುಟ್ಟ ಮಗುವಿಗೆ ಬೆರಳು ಬಿಡಿಸಿ ಪೆನ್ಸಿಲ್ ಹಿಡಿಯುವುದೂ ಕಷ್ಟವಾಗಬಹುದು.

ಇದಕ್ಕೆ ಪರಿಹಾರ ಹುಡುಕಿದವರು ಅಮೆರಿಕದ ಬಾಸ್ಟನ್ ಪ್ರದೇಶದ ವೈದ್ಯ ಜಾನ್ ಬರ್ಕ್ ಮತ್ತು ವಿಜ್ಞಾನಿ ಅಯೊನಿಸ್ ಯಾನಸ್. ದನದಿಂದ ಪಡೆದ ಕೊಲಾಜನ್‌ಗೆ ಶಾರ್ಕ್ ಮೀನಿನ ಮೃದ್ವಸ್ಥಿಯ ಒಂದು ವಸ್ತುವನ್ನು ಸೇರಿಸಿ, ಸ್ಪಂಜಿನಂಥ ಹಾಳೆ ತಯಾರಿಸಿದರು. ತೀವ್ರವಾಗಿ ಸುಟ್ಟ ರೋಗಿಗಳಿಗೆ ಅದನ್ನು ಬಳಸಿದ ಫಲಿತಾಂಶವನ್ನು 1981ರಲ್ಲಿ ಪ್ರಕಟಿಸಿದರು.

ಈ ಸ್ಪಂಜಿನ ತೂತುಗಳು ಸುಮಾರು ಕೂದಲೆಳೆಯ ದಪ್ಪದಷ್ಟಿರುತ್ತವೆ. ಅವರೆ ಬಳ್ಳಿ ಚಪ್ಪರಕ್ಕೆ ಹಬ್ಬುವಂತೆ ಜೀವಕೋಶಗಳೂ ರಕ್ತನಾಳಗಳೂ ಇದರೊಳಗೆ ಹಬ್ಬುತ್ತವೆ. ಜೀವಕೋಶಗಳು ತಮ್ಮದೇ ಹೊಸ ನಾರುಗಳನ್ನು ಹೆಣೆಯುತ್ತವೆ. ಸ್ಪಂಜು ನಿಧಾನವಾಗಿ ಕರಗುತ್ತದೆ. ಈ ಸಾರುವೆ ಬಿಚ್ಚಲು ಯಾರೂ ಬೇಕಿಲ್ಲ! ಅಷ್ಟು ದಿನ ಮೇಲಿನ ಸಿಲಿಕೋನ್ ಪೊರೆ ಗಾಯವನ್ನು ಕಾಯುತ್ತದೆ. ಕೆಲವು ವಾರಗಳ ನಂತರ ವೈದ್ಯರು ಪೊರೆ ತೆಗೆದು, ರೋಗಿಯದೇ ಚರ್ಮದ ತೆಳುಪದರವನ್ನು ಹೊದಿಸುತ್ತಾರೆ.

ನಮ್ಮ ಬೆಂಗಳೂರಿನಲ್ಲೂ ಇಂಥ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಅರುಣ್ ಚಂದ್ರು ಮತ್ತು ತುಹಿನ್ ಭೌಮಿಕ್ 2011ರಲ್ಲಿ ಪ್ಯಾಂಡೋರಂ ಎಂಬ ಕಂಪನಿ ಆರಂಭಿಸಿದರು. ಜೀವಕೋಶಗಳನ್ನು ಆಸರೆ ವಸ್ತುವಿನೊಂದಿಗೆ ಪದರ ಪದರವಾಗಿ ಮುದ್ರಿಸಿ, ಯಕೃತ್ತಿನ ಪುಟ್ಟ ಅಂಗಾಂಶ ತಯಾರಿಸಿರುವುದಾಗಿ 2015ರಲ್ಲಿ ಕಂಪನಿ ತಿಳಿಸಿತು. ಇಂಥ ಅಂಗಾಂಶದ ಮೇಲೆ ಹೊಸ ಔಷಧಿಗಳನ್ನು ಪರೀಕ್ಷಿಸಬಹುದು.

ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನಲ್ಲೂ ಸಾರುವೆಯ ವಸ್ತುವಿದೆ! ಗೂಡಿನ ಅಂಟನ್ನು ತೆಗೆದರೆ ಉಳಿಯುವ ಫೈಬ್ರೋಯಿನ್ ಎಂಬ ಪ್ರೋಟೀನಿನಿಂದಲೂ ವಿಜ್ಞಾನಿಗಳು ಇಂಥ ಸ್ಪಂಜು ತಯಾರಿಸುತ್ತಾರೆ.

ನೆನಪಿಡಿ: ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಅರಿಶಿನ, ಮಂಜುಗಡ್ಡೆ ಬೇಡ. ಕೂಡಲೇ ನಲ್ಲಿಯ ತಣ್ಣೀರನ್ನು 20 ನಿಮಿಷ ಗಾಯದ ಮೇಲೆ ಹರಿಯಬಿಡಿ. ಹಿರಿಯರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಒಳಪದರ ಉಳಿದರೆ ನಿಮ್ಮ ದೇಹದ ಸಾರುವೆಯೂ ಉಳಿದಂತೆ!