ಹಿಟ್ಟು ಮತ್ತೆ ಜೋಳವಾದೀತೇ?

‘ಭೌತ ಬದಲಾವಣೆಗೂ ರಾಸಾಯನಿಕ ಬದಲಾವಣೆಗೂ ಇರುವ ವ್ಯತ್ಯಾಸವೇನು?’ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಬಹಳಷ್ಟು ವಿದ್ಯಾರ್ಥಿಗಳ ಉತ್ತರ ಸಿದ್ಧವಾಗಿರುತ್ತದೆ: ಮೊದಲನೆಯದನ್ನು ಹಿಂದಿನ ಸ್ಥಿತಿಗೆ ತರಬಹುದು, ಎರಡನೆಯದನ್ನು ತರಲಾಗದು. ಬಾಯಿಪಾಠಕ್ಕೆ ಇದು ಸುಲಭ. ಆದರೆ ಇದನ್ನೇ ನಿಯಮವೆಂದು ನಂಬಿದರೆ ಹುಮನಾಬಾದಿನ ಹಿಟ್ಟಿನ ಗಿರಣಿಯಲ್ಲೇ ಎಡವುತ್ತೇವೆ.

ಗಿರಣಿಗೆ ಹಾಕಿದ ಜೋಳ ಹಿಟ್ಟಾಗಿ ಬರುತ್ತದೆ. ಅದನ್ನು ಮತ್ತೆ ಕಾಳು ಮಾಡಲು ಯಾರಿಂದಲೂ ಆಗದು. ಹಾಗೆಂದು ಇದು ರಾಸಾಯನಿಕ ಬದಲಾವಣೆಯೇ? ಅಲ್ಲ. ಕಾಳಿನಲ್ಲಿದ್ದ ಪಿಷ್ಟವೇ ಹಿಟ್ಟಿನಲ್ಲೂ ಇದೆ. ಆಕಾರ, ಗಾತ್ರ ಮಾತ್ರ ಬೇರೆ. ಅದೇ ಹಿಟ್ಟಿನ ರೊಟ್ಟಿ ಹಂಚಿನ ಮೇಲೆ ಬೆಂದು ಕಂದು ಚುಕ್ಕೆ ಮೂಡಿದಾಗ ಹೊಸ ಬಣ್ಣ, ಹೊಸ ಪರಿಮಳದ ವಸ್ತುಗಳು ಹುಟ್ಟಿರುತ್ತವೆ. ಅದು ರಾಸಾಯನಿಕ.

ಇನ್ನು ಸುಣ್ಣವನ್ನು ನೋಡಿ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಅದೇ ಅನಿಲವನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ವಸ್ತುವೇ ಆಗುತ್ತದೆ. ಮೂರು ಹಂತಗಳೂ ರಾಸಾಯನಿಕ; ಆದರೂ ಸುತ್ತಿ ಬಂದು ಮೊದಲಿನ ವಸ್ತುವೇ ಸಿಕ್ಕಿತಲ್ಲ!

ಹಾಗಾದರೆ ಒರೆಗಲ್ಲು ಯಾವುದು? ‘ಹಿಂದಕ್ಕೆ ತರಬಹುದೇ’ ಎಂಬುದಲ್ಲ, ‘ಹೊಸ ವಸ್ತು ಹುಟ್ಟಿತೇ’ ಎಂಬುದು.

ನಮ್ಮ ಬೀದರ್ ಜಿಲ್ಲೆಗೆ ಹೆಸರು ತಂದ ಬಿದರಿ ಕಲೆಯಲ್ಲಿ ಒಂದೇ ಹೂಜಿಯ ಮೇಲೆ ಎರಡನ್ನೂ ಕಾಣಬಹುದು. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹವನ್ನು ಕರಗಿಸಿ ಎರಕ ಹೊಯ್ಯುವುದು, ಉಳಿಯಿಂದ ಕೆತ್ತುವುದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂರಿಸುವುದು, ಇವೆಲ್ಲ ಭೌತ ಬದಲಾವಣೆಗಳು. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣ ತಾಗಿದಾಗ ಲೋಹದ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಆ ಕಪ್ಪು ಬಳಿದ ಬಣ್ಣವಲ್ಲ. ಲೋಹದ ಮೇಲೆ ಹುಟ್ಟಿದ ಹೊಸ ವಸ್ತುವಿನ ಪದರ.

ಕೆಲವೊಮ್ಮೆ ಎರಡೂ ಕೂಡಿಯೇ ನಡೆಯುತ್ತವೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ನೀರು ಆವಿಯಾಗಿ ಹೋಗುವುದು ಭೌತ ಬದಲಾವಣೆ. ಪಾಕದ ಬಣ್ಣ ಗಾಢವಾಗುವುದು ರಾಸಾಯನಿಕ.

ಪಾಲಕರಲ್ಲಿ ಒಂದು ವಿನಂತಿ. ಬಸವಕಲ್ಯಾಣದ ಸಂತೆಯಿಂದ ಬೆಲ್ಲ ತಂದ ದಿನ ಮಕ್ಕಳಿಗೆ ವ್ಯಾಖ್ಯೆ ಒಪ್ಪಿಸಲು ಹೇಳಬೇಡಿ. ಕಬ್ಬಿನ ಹಾಲಿನಿಂದ ಏನು ಹೊರಹೋಯಿತು, ಏನು ಹೊಸದಾಗಿ ಹುಟ್ಟಿತು ಎಂದು ಕೇಳಿ. ಯೋಚಿಸಿ ಹೇಳಿದ ಉತ್ತರ ಪರೀಕ್ಷೆ ಮುಗಿದ ಮೇಲೂ ನೆನಪಿನಲ್ಲಿರುತ್ತದೆ.