ಸೂಜಿಯೂ ಗಣಕಯಂತ್ರವೂ

ಧಾರವಾಡ ಸೀಮೆಯ ಮನೆಗಳಲ್ಲಿ ಹಳೆಯ ಪೆಟ್ಟಿಗೆಯನ್ನು ತೆರೆದರೆ, ಅಜ್ಜಿಯು ಮದುವೆಯಲ್ಲಿ ಪಡೆದ ಚಂದ್ರಕಾಳಿ ಸೀರೆಯೊಂದು ಇಂದಿಗೂ ದೊರೆಯುವುದುಂಟು. ಅದರ ಕಪ್ಪು ಒಡಲಿನ ಮೇಲೆ ಗೋಪುರ, ತೇರು, ತುಳಸೀವೃಂದಾವನ, ಆನೆ, ನವಿಲುಗಳು ಸಾಲುಗೊಂಡಿರುತ್ತವೆ. ಇವನ್ನು ಹೊಲಿದವರು ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಂಡವರಲ್ಲ. ಎಳೆಗಳನ್ನು ಎಣಿಸಿಯೇ ಚಿತ್ರ ಮೂಡಿಸಿದವರು. ಇದೇ ನಮ್ಮ ಕಸೂತಿ.

ಈ ಕಲೆಯ ಅಂಗಳಕ್ಕೆ ಈಗ ಗಣಕಯಂತ್ರವೂ ಬಂದಿರುವುದು. ಅದರಿಂದ ಕೈಗೆಲಸ ಕೆಟ್ಟೀತೆಂದು ಹಿರಿಯರು ಅಂಜುವರು. ಅದಿರುವಾಗ ಕಣ್ಣು ನೋಯಿಸಿಕೊಳ್ಳುವುದೇಕೆಂದು ಕಿರಿಯರು ಕೇಳುವರು. ಇಬ್ಬರ ಮಾತಿನಲ್ಲಿಯೂ ಹುರುಳುಂಟು. ಯಾವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕು, ಯಾವುದನ್ನು ಕೈಯಲ್ಲಿಯೇ ಉಳಿಸಿಕೊಳ್ಳಬೇಕು ಎಂಬ ವಿವೇಕವೇ ಇಲ್ಲಿ ಮುಖ್ಯವೆಂದು ನಮಗೆ ತೋರುತ್ತದೆ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು 4 ಬಗೆಯ ಹೊಲಿಗೆಗಳುಂಟು. ಗವಂತಿಯಲ್ಲಿ ಸೂಜಿಯು ಎಡೆ ಬಿಟ್ಟು ಎಡೆ ಬಿಟ್ಟು ಹೊಲಿಯುತ್ತ ಮುಂದೆ ಸಾಗಿ, ಮರಳುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ. ಗಂಟಿಲ್ಲ, ಒಳಮೈ ಹೊರಮೈಗಳೆರಡೂ ಒಂದೇ ಸಮ. ಗೋಪುರದ ಕವಲಿಗೆ ಯಾವಾಗ ಹೊರಳಬೇಕು, ಹೊರಟ ಎಡೆಗೆ ಹೇಗೆ ಮರಳಬೇಕು ಎಂಬುದನ್ನು ಮೊದಲೇ ಯೋಚಿಸದಿದ್ದರೆ ದಾರಿ ತಪ್ಪುವುದು. ಆದುದರಿಂದ ಈ ಕಲೆಯು ಬೆರಳಿನದಷ್ಟೇ ಅಲ್ಲ, ಬುದ್ಧಿಯದೂ ಹೌದು.

ಯಂತ್ರದ ರೀತಿ ಬೇರೆ. ಗಣಕಯಂತ್ರದ ಆಜ್ಞೆಯಂತೆ ಹೊಲಿಯುವ ಯಂತ್ರದಲ್ಲಿ ಮೇಲೊಂದು ದಾರ, ಕೆಳಗಿನ ಬಾಬಿನ್ನಿನಲ್ಲಿ ಇನ್ನೊಂದು. ಅವೆರಡೂ ಬಟ್ಟೆಯಲ್ಲಿ ಹೆಣೆದುಕೊಳ್ಳುವುವು. ಮುಂಭಾಗ ಎಷ್ಟೇ ಅಂದವಾಗಿದ್ದರೂ ಬಟ್ಟೆಯನ್ನು ಮಗುಚಿದೊಡನೆ ಗುಟ್ಟು ಬಯಲಾಗುವುದು. ಅಗ್ಗದ ಉಡುಪಿಗೆ ಅದು ತಕ್ಕುದೇ. ಆದರೆ ಅದನ್ನೇ ಕೈಕಸೂತಿಯೆಂದು ಮಾರಿದರೆ, ದಿನಗಟ್ಟಲೆ ಕುಳಿತು ಎಳೆ ಎಣಿಸಿದ ಹೆಣ್ಣುಮಗಳ ಹೊಟ್ಟೆಯ ಮೇಲೆ ಹೊಡೆದಂತೆ.

ಹಾಗಾದರೆ ಗಣಕಯಂತ್ರದಿಂದ ಉಪಯೋಗವಿಲ್ಲವೆ? ನಿಶ್ಚಯವಾಗಿಯೂ ಉಂಟು. ಜೀರ್ಣವಾದ ಸೆರಗನ್ನು ಮೊಬೈಲಿನಲ್ಲಿ ಹತ್ತಿರದಿಂದ ಛಾಯಾಚಿತ್ರ ತೆಗೆದು, ಹಿಗ್ಗಿಸಿ ನೋಡಿದರೆ ಒಂದೊಂದು ಹೊಲಿಗೆಯೂ ಎಣಿಕೆಗೆ ಸಿಕ್ಕುವುದು. ಅದನ್ನು ಗಣಕಯಂತ್ರದ ಚೌಕುಳಿ ಗೆರೆಗಳ ಮೇಲೆ ಬರೆದಿಟ್ಟುಕೊಂಡರೆ, ಸೀರೆ ಹರಿದುಹೋದರೂ ನಮೂನೆ ಉಳಿಯುವುದು. ದೂರದೂರಿನ ಮಗಳಿಗೆ ಕ್ಷಣದಲ್ಲಿ ಮುಟ್ಟುವುದು. ಕೆಂಪಿನ ಪಕ್ಕದಲ್ಲಿ ಹಸಿರು ಒಪ್ಪುವುದೋ ಹಳದಿಯೋ ಎಂಬುದನ್ನೂ ದಾರ ವ್ಯಯಮಾಡದೆ ಪರೀಕ್ಷಿಸಬಹುದು. ಆದರೆ ತೆರೆಯ ಮೇಲಿನ ಬಣ್ಣ ದಾರದ ಬಣ್ಣವಲ್ಲ. ಕೊಳ್ಳುವ ಮುನ್ನ ದಾರವನ್ನು ಹಗಲು ಬೆಳಕಿನಲ್ಲಿ ಬಟ್ಟೆಯ ಮೇಲಿಟ್ಟು ನೋಡುವುದು ಲೇಸು.

ಹೀಗೆ ನೆನಪಿಡುವ, ಅಳೆಯುವ, ತಿದ್ದುವ ಕೆಲಸಗಳನ್ನು ಯಂತ್ರಕ್ಕೆ ಬಿಡೋಣ. ಸೂಜಿಯ ದಾರಿಯನ್ನು ಮಾತ್ರ ನಾವೇ ಹುಡುಕೋಣ. ಕಲಿಯುವ ಮಕ್ಕಳಿಗೆ ಮೊದಲು ದಪ್ಪ ನೂಲಿನ ಬಟ್ಟೆಯ ತುಂಡೊಂದನ್ನು ಕೊಟ್ಟು, ಎಳೆ ಎಣಿಸಿ ಚಿಕ್ಕದೊಂದು ಹೂವನ್ನು ಹೊಲಿಯ ಹೇಳೋಣ. ಗಣಕಯಂತ್ರದ ಪಾಠ ಆಮೇಲೆ ಬರಲಿ. ಮಗುವು ಹೊಲಿದುದನ್ನು ತಂದು ತೋರಿಸಿದಾಗ, ಮುಂಭಾಗವನ್ನು ಹೊಗಳುವ ಮೊದಲು ಬಟ್ಟೆಯನ್ನು ಒಮ್ಮೆ ಮಗುಚಿ ನೋಡೋಣ.